ಇಲಿ ಹೊಡೆಯುವ ಬಂದೂಕು

ನರಸಿಂಹಮೂರ್ತಿಯವರ ಮಗಳು ಶ್ರಾವ್ಯಾ ಬಾವಲಿಗಳ ಅಧ್ಯಯನಕ್ಕೆಂದು ಬೆಟ್ಟದ ಗುಹೆಗೆ ಹೋದವಳು ಕಾಲು ಮುರಿದುಕೊಂಡು ಅಲ್ಲೇ ಬಿದ್ದಿದ್ದಳು. ಅವಳನ್ನು ಹೊರಗೆ ತರಬೇಕು. ಇಷ್ಟೇ ಕೆಲಸ. ಹೇಳಿದಷ್ಟು ಸಲೀಸಲ್ಲ ಎಂಬುದು ಆ ಭಾನುವಾರ ಬೆಳಿಗ್ಗೆ ವಿಶಾಖಪಟ್ಟಣದ ಗಾಜುವಾಕದ ಬಾಡಿಗೆ ಮನೆಯಲ್ಲಿ ಶೂ ಕಟ್ಟಿಕೊಳ್ಳುತ್ತಿದ್ದ ವಿಜಯಲಕ್ಷ್ಮೀಗೆ ಗೊತ್ತಿತ್ತು. ವಾರವಿಡೀ ಬ್ಯಾಂಕಿನ ಆಡಿಟ್ ಮುಗಿಸಿ ಅವಳ ಕಣ್ಣು ಉರಿಯುತ್ತಿತ್ತು.

ಅವಳು ಧಾರವಾಡದವಳು. ವರ್ಗಾವಣೆ ಅವಳನ್ನು ವಿಜಯವಾಡಕ್ಕೆ ಒಯ್ದು, ಅಲ್ಲಿ ಬೇಯಿಸಿ, ಆಮೇಲೆ ವಿಶಾಖಪಟ್ಟಣಕ್ಕೆ ತಂದು ಹಾಕಿತ್ತು. ಕಾಲೇಜಿನ ಎನ್‌ಸಿಸಿಯಲ್ಲಿ ಹತ್ತಿದ ಗುರಿ ಹೊಡೆಯುವ ಹುಚ್ಚು, ಬಂಡೆ ಹತ್ತುವ ಹುಚ್ಚು ಎರಡೂ ಪಾತ್ರೆಪಗಡಗಳ ಜೊತೆ ಊರೂರು ತಿರುಗಿದ್ದವು. ಉಕ್ಕಿನ ಕಾರ್ಖಾನೆಯ ಇಂಜಿನಿಯರ್ ಮೂರ್ತಿಯವರು ಮೈಸೂರು ಕಡೆಯವರು. ಕನ್ನಡದವರು ಎಂಬ ಒಂದೇ ಎಳೆ ಹಿಡಿದು ಪರಿಚಯವಾಗಿ, ಈಗ ಅಣ್ಣನಂತಾಗಿದ್ದರು.

"ಪೊಲೀಸರಿಗೆ ಹೇಳೀರೇನ್ರಿ?"

"ಹೇಳಿದೀನಿ. ಫಾರೆಸ್ಟ್‌ನವರಿಗೂ ಹೇಳಿದೀನಿ. ತುಫಾನಿನ ಮಳೆಗೆ ರಸ್ತೆ ಕೊಚ್ಚಿಕೊಂಡು ಹೋಗಿದೆಯಂತೆ, ಅವರ ತಂಡ ನಾಳೆ ಬರುತ್ತಂತೆ. ನಾಳೆ ತನಕ ನಾನು ಹೆಂಗಮ್ಮ ಕೂತಿರ್ಲಿ?" ಮೂರ್ತಿಯವರ ಅಂಗಿಯ ಗುಂಡಿಗಳು ಮೇಲೆ ಕೆಳಗಾಗಿದ್ದವು. "ಜೊತೆಗೆ ಹೋಗಬೇಕಿದ್ದವಳಿಗೆ ಜ್ವರವಂತೆ, ಇವಳು ಒಬ್ಬಳೇ ಹೋಗಿದಾಳೆ. ಎಲ್ಲಿಂದಲೋ ಸಿಗ್ನಲ್ ಸಿಕ್ಕಿ ಒಂದೇ ಒಂದು ಫೋನು. ಅದೂ ತುಂಡು ತುಂಡು. ಕಾಲು ವಿರಿಗಿಂದಿ, ಮುರೀತು ಅಂದ್ಲು. ಲೋಪಲ ಎಲುಕ ಉಂದಿ ಅಂದ್ಲು, ಒಳಗೆ ಎಲುಕ ಇದೆ, ಜಾಗ್ರತೆ ಅಂತ. ಅಷ್ಟರಲ್ಲಿ ಕಟ್ಟಾಯ್ತು."

ಶ್ರಾವ್ಯಾ ಇಲ್ಲೇ ಹುಟ್ಟಿ ಬೆಳೆದವಳು. ಊಟ ತಿಂಡಿಯ ಮಾತೆಲ್ಲ ಕನ್ನಡ, ಗಾಬರಿಯಾದರೆ ತೆಲುಗು.

"ಎಲುಕ ಅಂದ್ರ ಇಲಿ ಅಲ್ಲೇನ್ರಿ?"

"ಇಲೀನೇ. ಗಾಯದ ವಾಸನೆಗೆ ಬಂದು ಮುತ್ತಿಕೊಂಡ್ರೆ? ನಿಮ್ಮ ಆ ಟ್ವೆಂಟಿಟೂ ತಗೊಳ್ಳಿ ಅಮ್ಮ. ಇಲಿ ಹೊಡೆಯೋಕೇ ಅದು ಅಂತ ನೀವೇ ಅಂತಿದ್ರಲ್ಲ."

ಅಂದಿದ್ದಳು, ತಮಾಷೆಗೆ. ವಿಜಯವಾಡದ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಕ್ಕ ಹಳೆಯ ಪಾಯಿಂಟ್ ಟ್ವೆಂಟಿಟೂ ರೈಫಲ್ ಅದು. ಪ್ಲಾಸ್ಟಿಕ್ ಹಿಡಿ, ಬೆಳ್ಳುಳ್ಳಿ ಎಸಳಿನಷ್ಟು ಸಣ್ಣ ಗುಂಡು. ಹೊತ್ತರೆ ಭಾರವಿಲ್ಲ, ಹೊಡೆದರೆ ಭುಜಕ್ಕೆ ಒದೆಯುವುದಿಲ್ಲ, ಗುಂಡಿನ ಖರ್ಚೂ ಕಡಿಮೆ. ಒಂದು ಸಲ ತುಂಬಿದರೆ ಕುದುರೆ ಎಳೆದಂತೆಲ್ಲ ಮುಂದಿನ ಗುಂಡು ತಾನೇ ಬಂದು ಕೂರುತ್ತದೆ. ಕೂರಬೇಕು, ಅಷ್ಟೇ. ಈ ಜಾತಿಯ ಕಾಡತೂಸಿನಲ್ಲಿ ಕಿಡಿ ಹೊತ್ತುವ ಮದ್ದು ಅಂಚಿನ ಸುತ್ತ ಇರುತ್ತದೆ. ಅದು ಸರಿಯಾಗಿ ಹರಡಿಲ್ಲದಿದ್ದರೆ ಪಿನ್ನು ಬಡಿದರೂ ಗುಂಡು ಹಾರುವುದಿಲ್ಲ. ಮಸಿ ಕೂತರೆ ಸಿಕ್ಕಿಕೊಳ್ಳುತ್ತದೆ. ರೇಂಜಿನಲ್ಲಿ ಹೀಗೆ ಕೈಕೊಟ್ಟಾಗ ಅವಳು ಬೈದು, ಉಜ್ಜಿ, ಮತ್ತೆ ಹೊಡೆಯುತ್ತಿದ್ದಳು. ಕಾಗದದ ಗುರಿ ಎದ್ದು ಬಂದು ಕಚ್ಚುವುದಿಲ್ಲವಲ್ಲ.

ಠಾಣೆಗೆ ಫೋನು ಮಾಡಿ ಬಂದೂಕು ಒಯ್ಯುವ ಮಾತು ತಿಳಿಸಿದಳು. ಲೈಸೆನ್ಸ್ ಜೊತೆಗಿರಲಿ, ಪ್ರಾಣಕ್ಕೆ ಬಂದರೆ ಹೊರತು ಕಾಡಿನಲ್ಲಿ ಹಾರಿಸಬೇಡಿ ಎಂದರು ಅಲ್ಲಿನವರು. ಹಗ್ಗ, ಟಾರ್ಚು, ನೀರು ಕಟ್ಟಿಕೊಂಡು ಇಬ್ಬರೂ ಹೊರಟರು.

ದುವ್ವಾಡ ರೈಲು ಸ್ಟೇಷನ್ನಿನ ಹತ್ತಿರ ಮೂರ್ತಿಯವರು ಗೊತ್ತುಮಾಡಿದ್ದ ಬಾಬ್ಜಿ ಜೀಪು ತಂದು ನಿಂತಿದ್ದ. ಆ ಬೆಟ್ಟದ ತಪ್ಪಲಿನ ಊರಿನವನೇ, ಹಿಂದಿನ ಕಾಲುದಾರಿ ಬಲ್ಲವನು. ಗುಹೆಯಲ್ಲಿ ಎಲುಕಗಳಿವೆ ಎಂದು ಮೂರ್ತಿಯವರು ಹೇಳಿದಾಗ ಅವನು ಬಂದೂಕಿನ ಚೀಲ ನೋಡಿ ಬಾಯಿ ಮುಚ್ಚಿ ನಕ್ಕ.

ಜೀಪು ನಿಂತ ಮೇಲೆ ಕಾಡು ಶುರುವಾಯಿತು. ಮಳೆ ತೊಳೆದ ಕೆಂಪು ಮಣ್ಣು ಶೂ ತಳಕ್ಕೆ ಮೆತ್ತಿಕೊಂಡು ಹೆಜ್ಜೆ ಹೆಜ್ಜೆಗೂ ಕಾಲು ಭಾರವಾಗುತ್ತಿತ್ತು. ತುಫಾನಿಗೆ ಬುಡಮೇಲಾದ ಮರಗಳು ದಾರಿಗಡ್ಡ ಮಲಗಿದ್ದವು. ಕೆಲವನ್ನು ಹತ್ತಿ ದಾಟಬೇಕು, ಕೆಲವನ್ನು ನುಸುಳಿ. ಮೇಲೇರಿದಂತೆ ಹುಣಸೆ, ಹಲಸು ಹಿಂದೆ ಉಳಿದು, ಬರೀ ಬಿದಿರು ಮತ್ತು ಕಪ್ಪು ಬಂಡೆ. ಬಂಡೆಯ ಸಂದುಗಳಿಂದ ನೀರು ಇನ್ನೂ ಸೋರುತ್ತಿತ್ತು. ಮೂರ್ತಿಯವರು ಏದುಸಿರು ಬಿಡುತ್ತಿದ್ದರು, ಆದರೆ ಒಮ್ಮೆಯೂ ಕೂರಲಿಲ್ಲ. ವಿಜಯಲಕ್ಷ್ಮೀಗೆ ಕೂರಬೇಕೆನಿಸಿತ್ತು. ಅವರನ್ನು ನೋಡಿ ಸುಮ್ಮನಾದಳು.

ಒಂದು ತಿರುವಿನಲ್ಲಿ ಬಾಬ್ಜಿ ಕೈಯೆತ್ತಿ ನಿಲ್ಲಿಸಿದ. ಆಳೆತ್ತರದ ಹುತ್ತವೊಂದನ್ನು ಯಾರೋ ಸೀಳಿ, ತಳದವರೆಗೆ ಬಗೆದು ಹಾಕಿದ್ದರು. ಒದ್ದೆ ಮಣ್ಣಿನಲ್ಲಿ ಉದ್ದುದ್ದ ಉಗುರಿನ ಗೆರೆ.

"ಎಲುಗು," ಅಂದ ಬಾಬ್ಜಿ.

"ಇಲಿ ಇಷ್ಟು ಅಗೀತೈತೇನೋ?"

"ಎಲುಕ ಕಾದು ಮೇಡಂ." ಇಲಿ ಅಲ್ಲವೆಂದು ಅವನು ತಲೆಯಲ್ಲಾಡಿಸಿದ. "ಎಲು-ಗು. ಎಲುಗುಬಂಟಿ." ಅವನು ಎರಡೂ ಕೈ ಮೇಲೆತ್ತಿ, ಬೆರಳು ಬಾಗಿಸಿ, ಹಲ್ಲು ತೋರಿಸಿದ.

ಕರಡಿ!

ವಿಜಯಲಕ್ಷ್ಮೀ ಮೂರ್ತಿಯವರತ್ತ ತಿರುಗಿದಳು. ಅವರು ತುಟಿ ಅಲ್ಲಾಡಿಸುತ್ತ ಮಗಳ ಮಾತನ್ನು ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದರು. ಎಲುಕ, ಎಲುಗು. ಎಲುಗು, ಎಲುಕ.

"ಎಲುಗು ಅಂದಿರಬೇಕು ಕಣಮ್ಮ," ಅಂದರು ಕೊನೆಗೆ. "ನಮ್ಮನ್ನ ಬರಬೇಡಿ ಅಂತ ಹೇಳ್ತಿದ್ಲೋ ಏನೋ. ನಾನು ಇಲಿ ಅಂದ್ಕೊಂಡೆ."

"ಈಗ ಅದನ್ನ ಹಿಡ್ಕೊಂಡು ಕೂಡಬ್ಯಾಡ್ರಿ. ನಡೀರಿ."

ಗುಹೆಯ ಬಾಯಿ ಕಂಡದ್ದು ಮಧ್ಯಾಹ್ನ ಇಳಿಯುವ ಹೊತ್ತಿಗೆ. "ಶ್ರಾವ್ಯಾ!" ಎಂದು ಮೂರ್ತಿಯವರು ಓಡಿಯೇಬಿಟ್ಟರು. ಬಾಬ್ಜಿ ಅವರ ಅಂಗಿ ಹಿಡಿದೆಳೆದ.

ಕತ್ತಲಿನಿಂದ ಕರಿಯ ಮುದ್ದೆಯೊಂದು ಉರುಳಿ ಬಂತು.

ವಿಜಯಲಕ್ಷ್ಮೀ ಬಂದೂಕು ಆಕಾಶಕ್ಕೆತ್ತಿ ಹಾರಿಸಿದಳು. ಚಟ್! ಒಣ ಕಡ್ಡಿ ಮುರಿದಷ್ಟೇ ಸದ್ದು. ಕರಡಿ ಕಿವಿಯನ್ನೂ ಅಲ್ಲಾಡಿಸಲಿಲ್ಲ.

ಮತ್ತೆ ಎಳೆದಳು. ಟಿಕ್. ಗುಂಡು ಹಾರಲಿಲ್ಲ.

ಅದನ್ನು ಹೊರಹಾಕಲು ಬೋಲ್ಟ್ ಎಳೆದಳು. ಕೆಟ್ಟ ಕಾಡತೂಸು ಅರ್ಧ ಹೊರಬಂದು ನಿಂತಿತು. ಮುಂದಿನದು ಬಂದು ಅದಕ್ಕೆ ಗುದ್ದಿತು. ಎರಡೂ ಸಿಕ್ಕಿಕೊಂಡವು.

ಕರಡಿ ಎರಡು ಕಾಲ ಮೇಲೆ ಎದ್ದು ನಿಂತಿತು. ಅದರ ಎದೆಯ ಬಿಳಿ ಪಟ್ಟಿ, ಉಸಿರಿನ ಹುಳಿ ವಾಸನೆ. ಬಾಬ್ಜಿ ತನ್ನ ಊಟದ ಸ್ಟೀಲ್ ಡಬ್ಬಿಯ ಮುಚ್ಚಳಕ್ಕೆ ಸೊಂಟದ ಕತ್ತಿಯಿಂದ ಬಡಿಯತೊಡಗಿದ. ಠಣ್! ಠಣ್! ಠಣ್! ಒಳಗಿನಿಂದ ಮರಿಯೊಂದು ಕುಂಯ್‌ಗುಟ್ಟಿತು. ತಾಯಿ ಒಮ್ಮೆ ಬುಸುಗುಟ್ಟಿ, ಧೊಪ್ಪನೆ ಇಳಿದು, ಒಳಗೆ ನುಗ್ಗಿತು.

ಮೂವರೂ ಗುಹೆಯ ಮೇಲಿನ ಬಂಡೆ ಹತ್ತಿ ಬಿದ್ದುಕೊಂಡರು. ವಿಜಯಲಕ್ಷ್ಮೀ ಕೂದಲಿನ ಪಿನ್ನಿನಿಂದ ಸಿಕ್ಕಿದ್ದ ಕಾಡತೂಸುಗಳನ್ನು ಕಿತ್ತಳು.

"ಸರಿಯಾಯ್ತಾ?" ಮೂರ್ತಿಯವರು ಮೊಣಕೈ ಹಿಡಿದರು. "ಇನ್ನೂ ಗುಂಡು ಇದಾವಲ್ಲ. ಹೊಡೀರಿ. ಒಂದಾದ ಮೇಲೊಂದು ಹೊಡೀರಿ. ಸಾಯೋ ತನಕ ಹೊಡೀರಿ!"

"ಸಾಯಂಗಿಲ್ರಿ ಅದು. ಈ ಗುಂಡು ಅದರ ಕೊಬ್ಬಿನಾಗ ಸಿಕ್ಕೊಂಡು ಕೂಡತೈತಿ. ಸಿಟ್ಟಿಗೆದ್ದು ಒಳಗ ಓಡತೈತಿ. ಒಳಗ ಯಾರದಾರ?"

ಅವರು ಗುಹೆಯ ಬಾಯಿಯತ್ತ ನೋಡಿದರು.

"ನಿಮ್ಮ ಮಗಳದಾಳ್ರಿ ಒಳಗ."

"ಹಂಗಾದ್ರೆ ಇದನ್ನ ಯಾಕೆ ಹೊತ್ಕೊಂಡು ಬಂದ್ರಿ?" ಮೂರ್ತಿಯವರು ಕೂಗಿದರು. ತಾವೇ ತರಿಸಿದ್ದೆಂಬುದು ಆ ಕ್ಷಣ ಅವರಿಗೆ ಮರೆತಿತ್ತು. ಅವಳಿಗೆ ಮೈಯೆಲ್ಲ ಉರಿಯಿತು, ತಿರುಗಿ ಕೂಗಬೇಕೆನಿಸಿತು. ಅದಕ್ಕೂ ತ್ರಾಣವಿರಲಿಲ್ಲ. ಗುಂಡು ತುಂಬಿದ ಮ್ಯಾಗಜೀನ್ ತೆಗೆದು ಜೇಬಿಗೆ ಹಾಕಿಕೊಂಡಳು. ಹಾಕಿಕೊಳ್ಳುವಾಗ ಭಯವಾಯಿತು. ತನ್ನ ಲೆಕ್ಕ ತಪ್ಪಿದರೆ ಈ ಮನುಷ್ಯನ ಮುಖ ಜನ್ಮದಲ್ಲಿ ನೋಡಲಾಗದು.

ಬಾಬ್ಜಿ ಬಂಡೆಯ ನೆತ್ತಿಯಲ್ಲಿ ಕೊಡದ ಬಾಯಿಯಷ್ಟು ಬಿರುಕೊಂದನ್ನು ಕಂಡ. ಮೂರ್ತಿಯವರು ಅಲ್ಲಿ ಬಾಯಿಟ್ಟು ಕರೆದರು. ಬಹಳ ಹೊತ್ತಿನ ಮೇಲೆ ಕೆಳಗಿನಿಂದ ಸಣ್ಣ ದನಿ ಬಂತು.

"ಅಪ್ಪಾ? ನಾನು ಸಂದಿಯಲ್ಲಿ ಇದೀನಿ. ಅದಕ್ಕೆ ಇಲ್ಲಿ ತೂರೋಕೆ ಆಗಲ್ಲ. ನೀವು ಅರಚಬೇಡಿ, ಅದಕ್ಕೆ ಮರಿ ಇದೆ. ಸಾಯಂತ್ರಂ, ಸಂಜೆ ಹೊರಗೆ ಹೋಗುತ್ತೆ."

ಮೂರ್ತಿಯವರು ಬಂಡೆಗೆ ಕೆನ್ನೆಯಿಟ್ಟು ಮಲಗಿದರು. ನೀರಿನ ಬಾಟಲಿಯನ್ನು ದಾರಕ್ಕೆ ಕಟ್ಟಿ ಇಳಿಸಿದರು. ಮಗಳು ನಿದ್ದೆಗೆ ಜಾರದಂತೆ ಪಿಸುದನಿಯಲ್ಲಿ ಏನೇನೋ ಮಾತಾಡಿಸುತ್ತಿದ್ದರು. ಅವರು ಕನ್ನಡ, ಅವಳು ತೆಲುಗು. ಒಂದೊಂದು ಮಾತಿಗೂ "ಏನಂದೆ ಮಗಳೇ? ಇನ್ನೊಂದು ಸಲ ಹೇಳು" ಎನ್ನುತ್ತಿದ್ದರು.

ಸೂರ್ಯ ಮುಳುಗುವಾಗ ಕರಡಿ ಹೊರಬಂತು. ಬೆನ್ನ ಮೇಲೆ ಎರಡು ಮರಿಗಳು ಕೂದಲು ಹಿಡಿದು ಕೂತಿದ್ದವು. ಅದು ಮೂಗೆತ್ತಿ ಗಾಳಿ ಮೂಸಿ, ಬಿದಿರಿನೊಳಗೆ ಹೋಯಿತು. ಸದ್ದು ಪೂರ್ತಿ ಅಡಗುವವರೆಗೆ ಬಾಬ್ಜಿ ಯಾರನ್ನೂ ಏಳಗೊಡಲಿಲ್ಲ.

ಆಮೇಲೆ ಓಡಿದರು.

ಗುಹೆಯೊಳಗೆ ಬಾವಲಿಯ ಹಿಕ್ಕೆ, ಕರಡಿಯ ನಾತ. ತೆವಳಿ ಹೋಗಿ ಟಾರ್ಚು ಬಿಟ್ಟರೆ ಸಂದಿಯಲ್ಲಿ ಶ್ರಾವ್ಯಾ, ಮುಖ ಬೂದಿ ಬಣ್ಣ. ಬಲಗಾಲು ಮೊಣಕಾಲಿನ ಕೆಳಗೆ ಓರೆಯಾಗಿತ್ತು. ಹಾಗೆಯೇ ಎಳೆದರೆ ಮೂಳೆ ಚರ್ಮ ಹರಿದು ಹೊರಬರುತ್ತದೆ. ಕಟ್ಟಲು ನೆಟ್ಟಗಿನದೇನಾದರೂ ಬೇಕು. ಕರಡಿ ಯಾವಾಗ ತಿರುಗಿ ಬರುತ್ತದೋ, ಬಿದಿರು ಕಡಿಯಲು ಹೊತ್ತಿಲ್ಲ.

ವಿಜಯಲಕ್ಷ್ಮೀ ಭುಜದ ಬಂದೂಕು ಇಳಿಸಿದಳು. ಮ್ಯಾಗಜೀನ್ ಇಲ್ಲ, ಆದರೂ ಬೋಲ್ಟ್ ತೆರೆದು, ಕಿರುಬೆರಳು ಒಳಗಿಟ್ಟು, ಖಾಲಿಯೆಂದು ಇನ್ನೊಮ್ಮೆ ನೋಡಿದಳು. ಹಿಡಿಯನ್ನು ತೊಡೆಗೆ, ನಳಿಗೆಯನ್ನು ಪಾದದಾಚೆಗೆ ಚಾಚಿ, ದುಪಟ್ಟಾ ಸೀಳಿ ಬಿಗಿದಳು. ತೂಕದ ಬಂದೂಕಾಗಿದ್ದರೆ ಆ ಕಾಲು ತಡೆಯುತ್ತಿರಲಿಲ್ಲ.

"ಕೂಗವ್ವಾ, ಕೂಗಿದ್ರ ತಪ್ಪಿಲ್ಲ."

ಶ್ರಾವ್ಯಾ ಅಪ್ಪನ ಮಣಿಕಟ್ಟು ಕಚ್ಚಿ ಹಿಡಿದಳು.

ಇಳಿದ ದಾರಿಯ ಕತೆ ಬೇಡ. ಹೊತ್ತರು, ಜಾರಿದರು, ಬಿದ್ದರು, ಮತ್ತೆ ಹೊತ್ತರು. ಭುಜ ತನ್ನದೋ ಬಾಬ್ಜಿಯದೋ ತಿಳಿಯದಷ್ಟು ದಣಿದಿದ್ದಳು ವಿಜಯಲಕ್ಷ್ಮೀ.

ಬೆಳಿಗ್ಗೆ ಗಾಜುವಾಕದ ಆಸ್ಪತ್ರೆಯಲ್ಲಿ ನರ್ಸ್ ಗಿರಿಜಾ ಕೆಸರು ಬಟ್ಟೆ ಬಿಚ್ಚಿ, ನಳಿಗೆ ಕಂಡು ಚೀರಿದಳು. ಪೊಲೀಸ್ ಪೇದೆ ರಾಮಮೋಹನ್ ಬಂದು ಲೈಸೆನ್ಸ್ ನೋಡಿ, ಬಂದೂಕು ಮೂಸಿದ.

"ದೇನ್ನಿ ಕಾಲ್ಚಾರು ಮೇಡಂ?" ಯಾವುದಕ್ಕೆ ಹೊಡೆದಿರಿ?

"ಆಕಾಶಾನ್ನಿ," ಎಂದು ಅವಳು ಗೋಡೆಗೊರಗಿದಳು. ಅವನು ಮುಖ ನೋಡಿ ಚಹಾ ಹೇಳಿಕಳಿಸಿದ.

ಮೂರ್ತಿಯವರು ಪಕ್ಕ ಬಂದು ಕೂತರು. "ನಾನು ಹೇಳ್ದಂಗೆ ನೀವು ಹೊಡೆದಿದ್ರೆ…" ಎಂದು ಶುರು ಮಾಡಿದರು.

"ಬಿಡ್ರಿ ಅದನ್ನ. ಹತ್ತಕ್ಕ ಬ್ಯಾಂಕ್ ಐತಿ ನನಗ. ಡಾಕ್ಟರ್ ಕರೀಲಿಕ್ಕತ್ಯಾರ, ಹೋಗ್ರಿ."

ಡಾಕ್ಟರು ಶ್ರಾವ್ಯಾಳ ಪಾದ ಮುಟ್ಟಿ, ಬೆರಳು ಆಡಿಸಮ್ಮ ಎಂದರು. ಏನೂ ಆಗಲಿಲ್ಲ. ವಿಜಯಲಕ್ಷ್ಮೀ ಬಾಗಿಲಲ್ಲೇ ನಿಂತಳು. ಇನ್ನೊಮ್ಮೆ ಅಂದರು. ಕೆಸರು ಮೆತ್ತಿದ ಹೆಬ್ಬೆರಳು ಸ್ವಲ್ಪ ಬಾಗಿತು, ಆಮೇಲೆ ಉಳಿದವೂ ಒಂದೊಂದಾಗಿ ಬಾಗಿದವು. ನರಕ್ಕೆ ಪೆಟ್ಟಿಲ್ಲ, ನಡೆಯುತ್ತಾಳೆ, ಎಂದರು ಡಾಕ್ಟರು.

ಮೂರ್ತಿಯವರು ಆ ಹೆಬ್ಬೆರಳನ್ನು ಹಿಡಿದುಕೊಂಡು ಎಲ್ಲರೆದುರು ಗಟ್ಟಿಯಾಗಿ ಅತ್ತರು.

"ಅಪ್ಪಾ, ನೋವಾಗ್ತಿದೆ, ಬಿಡು," ಅಂದಳು ಶ್ರಾವ್ಯಾ.

ಅವರು ಬಿಡಲಿಲ್ಲ.