ಬೆಳಕಿರುವಾಗ ಯಾರ ಬ್ಯಾಟಿಂಗ್?

"ಸಾಕು, ಕತ್ತಲಾಯ್ತು. ಉಳಿದದ್ದು ನಾಳೆ," ಎಂದು ಅಣ್ಣ ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿಕೊಂಡ.

"ಉಳಿದದ್ದು ಅಂದ್ರೆ ನಾನು," ಎಂದಳು ಮೆಣಸು. "ನಾನೊಬ್ಬಳೇ ಉಳಿದಿರೋದು. ನಿನ್ನೆನೂ ನಾನೇ ಉಳಿದಿದ್ದೆ. ಮೊನ್ನೆನೂ ನಾನೇ."

ಅವಳ ನಿಜವಾದ ಹೆಸರು ಶಾಲೆಯಲ್ಲಿ ಹಾಜರಿ ಕರೆಯುವಾಗ ಮಾತ್ರ ಹೊರಗೆ ಬರುತ್ತಿತ್ತು. ಬೇರೆ ಹೊತ್ತಿನಲ್ಲೆಲ್ಲ ಅವಳು ಮೆಣಸು. ಇರುವುದು ಕಾಳಿನಷ್ಟು, ಕಚ್ಚಿದರೆ ಗೊತ್ತಾಗುತ್ತೆ ಎಂದು ಅಜ್ಜ ಇಟ್ಟ ಹೆಸರು ಅದು. ಅವಳು ಓದುತ್ತಿದ್ದದ್ದು ಐದನೇ ಕ್ಲಾಸು. ಗೋದಾಮಿನ ಹಿಂದಿನ ಬಯಲಿನಲ್ಲಿ ಸಂಜೆ ಕ್ರಿಕೆಟ್ ಆಡುವವರಲ್ಲಿ ಅವಳೇ ಎಲ್ಲರಿಗಿಂತ ಚಿಕ್ಕವಳು.

ಅಣ್ಣ ಬಾಲನ್ನು ಅವಳ ಮೂಗಿನ ಮುಂದೆ ಹಿಡಿದ. "ಇದು ಯಾವ ಬಣ್ಣ ಹೇಳು."

"ಕೆಂಪು."

"ಗೊತ್ತಿರೋದನ್ನ ಹೇಳ್ಬೇಡ. ಕಾಣ್ತಿರೋದನ್ನ ಹೇಳು."

ಮೆಣಸು ನೋಡಿದಳು. ಗೋದಾಮಿನ ನೀಲಿ ಬಾಗಿಲು ಇನ್ನೂ ನೀಲಿಯಾಗಿಯೇ ಇತ್ತು. ಬೇಲಿಯ ಪಕ್ಕದ ಹುಲ್ಲು ಇನ್ನೂ ಹಸಿರಾಗಿ ಕಾಣುತ್ತಿತ್ತು. ಬಾಲು ಮಾತ್ರ ಎಲ್ಲಕ್ಕಿಂತ ಮೊದಲು ಕಪ್ಪಾಗಿ ಕೂತಿತ್ತು. ಅದೂ ದೊಡ್ಡವರ ಪಾರ್ಟಿಯೇ.

"ಕೆಂಪು," ಎಂದು ಅವಳು ಮತ್ತೆ ಹೇಳಿದಳು.

ಹುಡುಗರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ರೇಡಿಯೋ. ಆಡುವಾಗಲೂ ಬಾಯಿ ಮುಚ್ಚದೆ ಕಾಮೆಂಟರಿ ಹೇಳುವುದು ಅವನ ಅಭ್ಯಾಸ. "ಮೆಣಸು ಇವತ್ತೂ ನಾಟೌಟ್," ಎಂದ ಅವನು. "ಬ್ಯಾಟೇ ಮುಟ್ಟದೆ ನಾಟೌಟ್."

ದೊಡ್ಡವರು ಮೊದಲು ಎನ್ನುವುದು ಬಯಲಿನ ಕಾನೂನು. ಅದನ್ನು ಮಾಡಿದವರು ಯಾರು ಎಂದು ಕೇಳಿದರೆ ಮೊದಲಿಂದಲೂ ಹಾಗೇ ಎನ್ನುತ್ತಿದ್ದರು. ಮೊದಲು ಅಣ್ಣ, ಆಮೇಲೆ ಅಣ್ಣನ ಕ್ಲಾಸಿನ ಕಡ್ಡಿ ಮೈಯ ಹುಡುಗ ಪೆನ್ಸಿಲ್, ಆಮೇಲೆ ರೇಡಿಯೋ, ಹೀಗೆ ಎತ್ತರ ಇಳಿಯುತ್ತಾ ಹೋಗುತ್ತಿತ್ತು. ಅಣ್ಣ ಔಟಾಗುವುದೇ ಅಪರೂಪ. ಔಟಾದರೂ "ಅದು ಟ್ರಯಲ್ ಬಾಲ್" ಎಂದುಬಿಡುತ್ತಿದ್ದ. ಸರದಿ ಮೆಣಸಿನ ತನಕ ಇಳಿಯುವಷ್ಟರಲ್ಲಿ ಸೂರ್ಯ ಅದಕ್ಕಿಂತ ಬೇಗ ಇಳಿದಿರುತ್ತಿದ್ದ.

ಅವಳು ಕಾಲು ಅಪ್ಪಳಿಸುತ್ತಾ ಮನೆಗೆ ಬಂದಳು.

ಅಮ್ಮ ಹೊಸ್ತಿಲ ಹತ್ತಿರ ಕೂತು ಶರ್ಟುಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಬೆಳಗ್ಗೆ ಅವಳ ಸ್ಟೂಲು ಮಂಚದ ಪಕ್ಕ ಇರುತ್ತಿತ್ತು, ಮಧ್ಯಾಹ್ನ ಕಿಟಕಿಯ ಹತ್ತಿರ. ಸಂಜೆಯಾದ ಹಾಗೆ ಬೆಳಕಿನ ಹಿಂದೆಯೇ ಸರಿದು ಸರಿದು ಹೊಸ್ತಿಲಿಗೆ ಬಂದು ನಿಲ್ಲುತ್ತಿತ್ತು. ಬಲ್ಬಿನ ಬೆಳಕಿನಲ್ಲಿ ನೀಲಿ ದಾರ, ಕಪ್ಪು ದಾರ ಎರಡೂ ಒಂದೇ ಥರ ಕಾಣುತ್ತವೆ ಎಂದು ಅವಳ ದೂರು.

"ಒಳ್ಳೇ ಹೊತ್ತಿಗೆ ಬಂದೆ. ಈ ಸೂಜಿಗೆ ದಾರ ಏರಿಸು," ಎಂದಳು ಅಮ್ಮ.

ಮೆಣಸು ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿದಳು. "ಅಮ್ಮ, ಇದು ನ್ಯಾಯನಾ? ಸಂಜೆಯೆಲ್ಲ ಫೀಲ್ಡಿಂಗ್ ಮಾಡೋಳು ನಾನು. ಚರಂಡಿಯಿಂದ ಬಾಲ್ ಎತ್ತೋಳು ನಾನು. ಮುಳ್ಳುಬೇಲಿ ಒಳಗೆ ಕೈ ಹಾಕೋಳೂ ನಾನೇ. ಬೆಳಕೆಲ್ಲ ಅವರೇ ತಿಂದು ಕೈ ತೊಳ್ಕೊಂಡ ಮೇಲೆ ನನ್ನ ಎಲೆಗೆ ಬರೀ ಕತ್ತಲು."

"ಆಟದ ಜಗಳ ಮನೆ ತನಕ ತರಬೇಡ. ದಾರ ಏರಿಸಿದ್ಯಾ?"

ಅಣ್ಣ ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದ. "ನೀನೂ ದೊಡ್ಡವಳಾಗು. ಆಗ ಮೊದಲು ಸಿಗುತ್ತೆ," ಎಂದ.

"ನಾನು ದೊಡ್ಡವಳಾಗೋಷ್ಟರಲ್ಲಿ ನೀನು ಇನ್ನೂ ದೊಡ್ಡವನಾಗಿರ್ತೀಯಲ್ಲ."

ಅಣ್ಣ ತೊಳೆದ ಕಾಲನ್ನೇ ಮತ್ತೆ ತೊಳೆದ.

ಮರುದಿನ ಮೆಣಸು ಬೇಲಿಯ ಹತ್ತಿರ ಫೀಲ್ಡಿಂಗ್‌ಗೆ ನಿಂತಳು. ಕಣ್ಣು ಮಾತ್ರ ಬಾಲಿನ ಮೇಲಿರಲಿಲ್ಲ, ಗೋದಾಮಿನ ನೆರಳಿನ ಮೇಲಿತ್ತು. ನೆರಳು ಮೊದಲು ಚರಂಡಿಯನ್ನು ದಾಟಿತು. ಆಮೇಲೆ ಪಿಚ್ಚಿನ ಮೇಲೆ ಹರಿಯಿತು. ವಿಕೆಟ್ ಎಂದು ನಿಲ್ಲಿಸಿದ್ದ ಸೋಡಾ ಕ್ರೇಟನ್ನು ನುಂಗಿ ಎದುರಿನ ಗೋಡೆಯನ್ನು ಹತ್ತತೊಡಗಿತು. ಇತ್ತ ಪೆನ್ಸಿಲ್ ಶೂ ಲೇಸು ಕಟ್ಟುತ್ತಾ ಕೂತಿದ್ದ. ಅದೆಷ್ಟು ಗಂಟು ಹಾಕುತ್ತಿದ್ದನೋ. ರೇಡಿಯೋ ತಾನು ಔಟೇ ಅಲ್ಲ ಎಂದು ವಾದ ಮಾಡುತ್ತಿದ್ದ. ತನ್ನ ಜೇಬಿಗೆ ಯಾರೋ ಕೈ ಹಾಕಿ ಒಂದೊಂದೇ ನಿಮಿಷ ಕದಿಯುತ್ತಿದ್ದಾರೆ ಎನ್ನಿಸಿ ಅವಳ ಕಿವಿ ಬಿಸಿಯಾಯಿತು.

"ಬೇಗ ಆಡ್ರೋ," ಎಂದು ಕೂಗಿದಳು. ಯಾರೂ ತಿರುಗಿ ನೋಡಲಿಲ್ಲ.

ಗೋಡೆಯ ನೆತ್ತಿಯ ಮೇಲಿದ್ದ ಕೊನೆಯ ಹಳದಿ ಪಟ್ಟಿಯೂ ಹೋಯಿತು. ಕಾಗೆಗಳು ಗುಂಪಾಗಿ ಮನೆಗೆ ಹೊರಟವು. ಗೋದಾಮಿನ ಗಾಳಿಕಿಂಡಿಯಿಂದ ಬಾವಲಿಯೊಂದು ಹೊರಬಿದ್ದು ಸುತ್ತು ಹಾಕಿತು.

"ಸರಿ, ಉಳಿದದ್ದು..." ಎಂದು ಅಣ್ಣ ಶುರು ಮಾಡುವಷ್ಟರಲ್ಲಿ ಮೆಣಸು ಓಡಿ ಬಂದು ಬ್ಯಾಟು ಕಿತ್ತುಕೊಂಡು ಕ್ರೇಟಿನ ಮುಂದೆ ನಿಂತಳು.

"ನನಗೆ ಕಾಣ್ತಿದೆ. ಬಾಲ್ ಹಾಕು."

"ಮುಖಕ್ಕೆ ಬಿದ್ರೆ?"

"ನನ್ನ ಮುಖ. ಹಾಕು."

ಪೆನ್ಸಿಲ್ ಮೆಲ್ಲಗೆ ಹಾಕಿದ. ಅವನ ಕೈ ಮೇಲೆ ಹೋದದ್ದು ಅವಳಿಗೆ ಕಂಡಿತು. ಆಮೇಲೆ ಏನೂ ಕಾಣಲಿಲ್ಲ. ಅಂದಾಜಿನಲ್ಲಿ ಬೀಸಿದಳು. ಹಿಂದಿನಿಂದ ಕ್ರೇಟು ಲೊಟ್ಟನೆ ಸದ್ದು ಮಾಡಿತು.

"ಔಟ್," ಎಂದ ರೇಡಿಯೋ. "ಪಾಪ, ಒಂದೇ ಬಾಲಿಗೆ."

"ಬಾಲು ಕಾಣಲೇ ಇಲ್ಲ."

"ಕಾಣ್ತಿದೆ ಅಂದವಳು ನೀನೇ."

ಮೆಣಸು ಅಳಲಿಲ್ಲ. ಬಾಲನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಕ್ರೇಟಿನ ಮೇಲೆ ಕೂತುಬಿಟ್ಟಳು. "ನಾಳೆ ಚಿಕ್ಕವರು ಮೊದಲು ಅನ್ನೋವರೆಗೂ ನಾನು ಏಳಲ್ಲ. ಬಾಲೂ ಕೊಡಲ್ಲ. ಸೂರ್ಯ ಏನು ನಿಮ್ಮ ಸ್ವಂತ ಆಸ್ತಿನಾ? ನನಗೂ ಅಷ್ಟೇ ಪಾಲಿದೆ."

ಯಾರದೋ ಅಮ್ಮ ಯಾರನ್ನೋ ಕರೆದಳು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಣ್ಣ ಗೋದಾಮಿನ ಮೇಲಿನ ಆಕಾಶವನ್ನು ನೋಡಿದ.

"ಆಯ್ತು," ಎಂದ. "ನಾಳೆ ಚಿಕ್ಕವರು ಮೊದಲು."

"ನಾಳೆನಾ? ಲೋ, ನಾಳೆ..." ಎಂದ ಪೆನ್ಸಿಲ್.

"ನಾಳೆನೇ," ಎಂದು ಅಣ್ಣ ಅವನ ಮಾತು ತುಂಡರಿಸಿದ.

ಹೀಗೆ ಮರುದಿನ, ಮೊಟ್ಟಮೊದಲ ಬಾರಿಗೆ, ಮೆಣಸು ಬಿಸಿಲಿನಲ್ಲಿ ಬ್ಯಾಟು ಹಿಡಿದಳು.

ಬಾಲು ಕೆಂಪಾಗಿತ್ತು. ಅದರ ಮೇಲಿನ ಗೀರುಗಳೂ ಕಾಣುತ್ತಿದ್ದವು. ಬರುವುದು ಕಾಣುತ್ತಿತ್ತು, ಬಿದ್ದು ಏಳುವುದು ಕಾಣುತ್ತಿತ್ತು, ತಾನು ಹೊಡೆದದ್ದು ಎಲ್ಲಿಗೆ ಹೋಯಿತು ಎನ್ನುವುದೂ ಕಾಣುತ್ತಿತ್ತು. ಇಷ್ಟೊಂದು ಸುಲಭದ ಆಟವನ್ನು ಇಷ್ಟು ದಿನ ಇವರು ದೊಡ್ಡ ವಿದ್ಯೆಯ ಹಾಗೆ ಆಡುತ್ತಿದ್ದರಲ್ಲ ಎಂದು ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಸಿಟ್ಟು ಬಂದಷ್ಟೂ ಚೆನ್ನಾಗಿ ಹೊಡೆದಳು. ಒಮ್ಮೆ ಕ್ರೇಟು ಉರುಳಿತು. "ಟ್ರಯಲ್ ಬಾಲ್," ಎಂದಳು. ರೇಡಿಯೋ ಬಾಯಿ ತೆರೆದ. ಅಣ್ಣ ಬೇಡ ಎಂದು ಕೈಸನ್ನೆ ಮಾಡಿದ.

ಬಾಲು ಚರಂಡಿಗೆ ಬಿದ್ದಾಗಲೆಲ್ಲ ಅಣ್ಣನೇ ಇಳಿದು ಎತ್ತಿದ, ಹುಲ್ಲಿಗೆ ಒರೆಸಿ ಕೊಟ್ಟ. ಮೆಣಸು ಅದನ್ನು ನೋಡಿ ಖುಷಿಪಟ್ಟಳು. ಗೊತ್ತಾಗಲಿ ಎಂದುಕೊಂಡಳು.

ಅವಳು ಔಟಾಗುವಾಗ ನೆರಳು ಪಿಚ್ಚಿಗೆ ಬಂದಾಗಿತ್ತು. ಆಮೇಲೆ ಉಳಿದ ಚಿಕ್ಕವರು, ಆಮೇಲೆ ರೇಡಿಯೋ, ಆಮೇಲೆ ಪೆನ್ಸಿಲ್. ಪೆನ್ಸಿಲ್ ಅವತ್ತು ಲೇಸು ಕಟ್ಟುತ್ತಾ ಕೂರಲಿಲ್ಲ. ಬಂದ, ಹೊಡೆದ, ಔಟಾದ. ಆದರೂ ಅಣ್ಣನ ಕೈಗೆ ಬ್ಯಾಟು ಬರುವ ಹೊತ್ತಿಗೆ ಬಾಲು ಕಪ್ಪಾಗಿತ್ತು, ನೀಲಿ ಬಾಗಿಲೂ ಬೂದಿಯ ಬಣ್ಣಕ್ಕೆ ತಿರುಗಿತ್ತು. ಬೇಲಿಯ ಹತ್ತಿರ ನಿಂತವರಿಗೆ ಮುಖಗಳಿರಲಿಲ್ಲ, ಬರೀ ಆಕಾರಗಳಿದ್ದವು.

ಮೆಣಸು ಇಡೀ ದಿನ ಈ ಗಳಿಗೆಗಾಗಿ ಕಾದಿದ್ದಳು. ಬೆಳಗ್ಗೆ ಹಲ್ಲುಜ್ಜುವಾಗ ಒಂದು ಸಲ ಹೇಳಿ ನೋಡಿಕೊಂಡೂ ಇದ್ದಳು.

"ಸಾಕು, ಕತ್ತಲಾಯ್ತು," ಎಂದಳು, ಸೊಂಟದ ಮೇಲೆ ಕೈಯಿಟ್ಟು. "ಉಳಿದದ್ದು ನಾಳೆ."

ಯಾರೂ ನಗಲಿಲ್ಲ.

"ನಾಳೆ ಅವನೆಲ್ಲಿ ಬರ್ತಾನೆ?" ಎಂದ ಪೆನ್ಸಿಲ್. "ನಾಳೆಯಿಂದ ನಮ್ಮ ಕ್ಲಾಸಿಗೆ ಸ್ಪೆಷಲ್ ಕ್ಲಾಸು. ಪರೀಕ್ಷೆ ಮುಗಿಯೋವರೆಗೂ. ಬಿಡೋಷ್ಟರಲ್ಲಿ ಕತ್ತಲಾಗಿರುತ್ತೆ. ಭಾನುವಾರ ಟೆಸ್ಟು. ಟೀಚರ್ ಮೊನ್ನೆನೇ ಹೇಳಿದ್ರು."

ಅವನು ಅಣ್ಣನ ಬೆನ್ನು ತಟ್ಟಿ ಹೊರಟ. ಉಳಿದವರೂ ಒಬ್ಬೊಬ್ಬರಾಗಿ ಹೊರಟರು. ರೇಡಿಯೋ ಕೂಡ ಏನೂ ಮಾತಾಡದೆ ಹೋದ.

ಮೊನ್ನೆಯೇ ಗೊತ್ತಿತ್ತು. ಅಂದರೆ ತಾನು ಕ್ರೇಟಿನ ಮೇಲೆ ಕೂತು ಹಟ ಹಿಡಿದಾಗ ಅಣ್ಣನಿಗೆ ಗೊತ್ತಿತ್ತು. "ನಾಳೆನೇ" ಎಂದಾಗಲೂ ಗೊತ್ತಿತ್ತು.

"ನನಗೆ ಯಾಕೆ ಹೇಳಲಿಲ್ಲ?" ಎಂದು ಮೆಣಸು ಸಿಡುಕಿದಳು.

"ಹೇಳಿದ್ರೆ ಏನ್ಮಾಡ್ತಿದ್ದೆ?"

ಅವಳು ಯೋಚಿಸಿದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಹೇಳಿದ್ರೂ ನಾನೇ ಮೊದಲು ಆಡ್ತಿದ್ದೆ. ನನ್ನ ಸರದಿ ಅದು."

"ಗೊತ್ತು," ಎಂದ ಅಣ್ಣ. ಕತ್ತಲಲ್ಲಿ ಅವನ ಮುಖ ಕಾಣಲಿಲ್ಲ, ಆದರೆ ನಕ್ಕಂತೆ ಕೇಳಿಸಿತು. "ನಡಿ, ಅಮ್ಮ ಕಾಯ್ತಿರ್ತಾಳೆ."

ಮೆಣಸು ನಡೆದಳು. ಆದರೆ ಮನೆಯ ಕಡೆಗಲ್ಲ. ಪಿಚ್ಚಿನ ಇನ್ನೊಂದು ತುದಿಗೆ ಹೋಗಿ ನಿಂತಳು.

"ನಿಂತ್ಕೋ," ಎಂದಳು.

"ಕಾಣಲ್ಲ ಕಣೆ."

"ಕಿವಿ ಇದೆಯಲ್ಲ. ಬಾಲ್ ನೆಲಕ್ಕೆ ಬಿದ್ದ ಸದ್ದು ಕೇಳಿದ ತಕ್ಷಣ ಬೀಸು."

ಅಣ್ಣ ಬ್ಯಾಟನ್ನು ನೆಲಕ್ಕೆ ತಟ್ಟಿದ ಸದ್ದು ಬಂತು.

ಮೊದಲ ಬಾಲು ಎಲ್ಲಿ ಹೋಯಿತೋ ಇಬ್ಬರಿಗೂ ತಿಳಿಯಲಿಲ್ಲ. ಮಂಡಿಯೂರಿ ಹುಲ್ಲಿನಲ್ಲಿ ತಡಕಾಡಿ ಹುಡುಕಿದರು. ಎರಡನೆಯದು ಅಣ್ಣನ ಮೊಣಕಾಲಿಗೆ ಬಿತ್ತು. "ಅಯ್ಯೋ," ಎಂದ. "ಇನ್ನೊಂದು ಹಾಕು," ಎಂದೂ ಹೇಳಿದ. ಪಡುವಣದಲ್ಲಿ ನೂಲಿನಷ್ಟು ಬೆಳಕು ಉಳಿದಿತ್ತು. ಮೆಣಸು ಆದಷ್ಟು ಮೆತ್ತಗೆ, ಆದಷ್ಟು ನೇರವಾಗಿ ಎಸೆದಳು.

ಟಪ್ಪೆಂದು ಬಾಲು ನೆಲ ಮುಟ್ಟಿತು. ಅದರ ಹಿಂದೆಯೇ ಬ್ಯಾಟಿನ ದೊಡ್ಡ ಸದ್ದು ಕೇಳಿಸಿತು. ಬಾಲು ಅವಳ ತಲೆಯ ಮೇಲೆ ಸುಂಯ್ಯೆಂದು ಹಾದುಹೋಯಿತು. ಇಬ್ಬರೂ ಉಸಿರು ಬಿಗಿಹಿಡಿದು ಕಿವಿಗೊಟ್ಟರು. ದೂರದಲ್ಲೆಲ್ಲೋ ಎಲೆಗಳು ಸರಸರ ಎಂದವು.

"ಫೋರ್," ಎಂದಳು ಮೆಣಸು.

"ಸಿಕ್ಸ್," ಎಂದ ಅಣ್ಣ.

ಅದು ಎಲ್ಲಿ ಬಿತ್ತೆಂದು ಇಬ್ಬರೂ ನೋಡಿರಲಿಲ್ಲ. ಬೇರೆ ದಿನವಾಗಿದ್ದರೆ ಮೆಣಸು ಊಟ ಮುಗಿಯುವ ತನಕ ವಾದ ಮಾಡುತ್ತಿದ್ದಳು.

"ಸರಿ, ಸಿಕ್ಸ್," ಎಂದು ಅವಳು ಬಾಲು ಹುಡುಕಲು ಹೊರಟಳು.