ಗಾಣದ ಮಾಳವ್ವ ಮತ್ತು ಹೊನ್ನೆಣ್ಣೆಯ ಮಾಂತ್ರಿಕ

ಈಗ ಹೊಳೆ ಹರಿಯುವ ಕಡೆ ಆಗ ಬರೀ ಬಂಡೆಗಳಿದ್ದವು. ಅಷ್ಟು ಹಳೆಯ ಕಾಲದಲ್ಲಿ ತಿಲಕಾವತಿ ಎಂಬ ರಾಜ್ಯವಿತ್ತು. ಅಲ್ಲಿ ಮಾಳವ್ವ ಎಂಬ ಹೆಂಗಸು ಎತ್ತಿನ ಗಾಣ ನಡೆಸುತ್ತಿದ್ದಳು. ಮದುವೆಯಾದ ವರ್ಷವೇ ಗಂಡ ತೀರಿಕೊಂಡಿದ್ದ. ಅತ್ತೆ ಸಾತಮ್ಮ ಸೊಸೆಯ ಕೈ ಬಿಡಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಗಾಣದ ಕೆಲಸವನ್ನೂ ಎಣ್ಣೆ ಸೊಪ್ಪುಗಳ ಗುಣವನ್ನೂ ಒಂದೊಂದಾಗಿ ಕಲಿಸಿದ್ದಳು.

"ಎಣ್ಣೆ ಕೊಡುವ ಮುಂಚೆ ಮೈ ಮುಟ್ಟಿ ನೋಡು ಮಗಳೇ. ಅವರ ಚರ್ಮ ಏನು ಕೇಳುತ್ತದೋ ಅದನ್ನು ಕೊಡು" ಎನ್ನುತ್ತಿದ್ದಳು.

ಒಂದು ದಿನ ಜ್ವಾಲಕೇತು ಎಂಬ ಮಾಂತ್ರಿಕ ಊರಿಗೆ ಬಂದ. "ಹೊನ್ನೆಣ್ಣೆ! ಒಂದೇ ಎಣ್ಣೆ, ಎಲ್ಲ ಮೈಗೂ ಸಾಕು!" ಎಂದು ಕೂಗಿ ಪುಕ್ಕಟೆ ಹಂಚಿದ. ಜನ ಮುಗಿಬಿದ್ದರು. ಮೂರು ದಿನ ಎಲ್ಲರ ಮುಖ ಚಿನ್ನದಂತೆ ಹೊಳೆಯಿತು. ನಾಲ್ಕನೆಯ ದಿನ ಚರ್ಮ ಮರದ ತೊಗಟೆಯಾಯಿತು. ರಾಜನಿಗೆ ನಗಲು ಆಗಲಿಲ್ಲ. ತಾಯಂದಿರು ಎತ್ತಿಕೊಂಡರೆ ಕೂಸುಗಳ ಕೆನ್ನೆ ಗೀರುತ್ತಿತ್ತು. ಪೂರ್ತಿ ಮರವಾದವರ ಆಯುಷ್ಯವೆಲ್ಲ ಮಾಂತ್ರಿಕನಿಗೆ ಸೇರುತ್ತಿತ್ತು. ಅವನಿಗೆ ಬೇಕಾಗಿದ್ದೂ ಅದೇ.

ಆಗ ಮಾಳವ್ವ ಎಳ್ಳು ತರಲು ಪಕ್ಕದ ಊರಿಗೆ ಹೋಗಿದ್ದಳು. ಮರಳಿ ಬಂದು ನೋಡಿದರೆ ಅತ್ತೆಯ ಎರಡೂ ಕೈ ಮೊಣಕೈವರೆಗೆ ತೊಗಟೆಯಾಗಿದ್ದವು. ನೆರೆಯವರ ಮೈ ತೊಳೆಯಲು ಹೋಗಿ ಅವಳಿಗೂ ಹೊನ್ನೆಣ್ಣೆ ತಗುಲಿತ್ತು.

"ಅವನು ಹೊನ್ನೆಣ್ಣೆ ಕಾಯಿಸುವ ಕೊಪ್ಪರಿಗೆ ಬೆಟ್ಟದ ಮೇಲಿದೆಯಂತೆ. ಅದನ್ನು ಬೋರಲು ಹಾಕಿದರೆ ಮಾಟ ಮುರಿಯುತ್ತದಂತೆ. ಆದರೆ ದಾರಿಯಲ್ಲಿ ಮೂರು ಮೃಗಗಳ ಕಾವಲು" ಎಂದಳು ಸಾತಮ್ಮ.

"ನನಗೆ ಕತ್ತಿ ಹಿಡಿಯಲು ಬರುವುದಿಲ್ಲವಲ್ಲ ಅತ್ತೆ."

"ಬರುವುದನ್ನೇ ಹೊತ್ತುಕೊಂಡು ಹೋಗು."

ಮಾಳವ್ವ ಬುಟ್ಟಿಯಲ್ಲಿ ಎಳ್ಳೆಣ್ಣೆ, ತೆಂಗಿನೆಣ್ಣೆ, ಕಡಲೆಹಿಟ್ಟು ಇಟ್ಟುಕೊಂಡಳು. ಹಿತ್ತಲಲ್ಲಿ ಬೇವಿನ ಸೊಪ್ಪನ್ನೂ ಲೋಳೆಸರವನ್ನೂ ಕೈಮುಗಿದು ಕಿತ್ತುಕೊಂಡು ಹೊರಟಳು.

ಬೆಟ್ಟದ ಬುಡದಲ್ಲಿ ಮನೆಯಷ್ಟು ಎತ್ತರದ ಆನೆ ನಿಂತಿತ್ತು. "ಮುಂದೆ ಬಂದರೆ ತುಳಿದುಬಿಡುತ್ತೇನೆ!" ಎಂದಿತು. ಅದರ ಮೈ ಬಿಸಿಲಿಗೆ ಒಣಗಿದ ಕೆರೆಯಂಗಳದಂತೆ ಬಿರುಕು ಬಿಟ್ಟಿತ್ತು. ಬಿರುಕುಗಳಲ್ಲಿ ರಕ್ತ ಜಿನುಗುತ್ತಿತ್ತು.

"ಅಯ್ಯೋ, ಎಷ್ಟು ಒಣಗಿದ್ದೀಯಪ್ಪ! ತುಳಿಯುವುದಿದ್ದರೆ ಆಮೇಲೆ ತುಳಿ" ಎಂದು ಮಾಳವ್ವ ಸೌದೆ ಹೊತ್ತಿಸಿ ಎಳ್ಳೆಣ್ಣೆಯನ್ನು ಉಗುರುಬೆಚ್ಚಗೆ ಮಾಡಿದಳು. ಬೆನ್ನಿಗೆ, ಕಾಲಿಗೆ, ಕಿವಿಯ ಹಿಂದೆ ತಿಕ್ಕಿದಳು. ಎಣ್ಣೆ ಹೀರಿದ ಕಡೆಯೆಲ್ಲ ಬಿರುಕು ಕೂಡಿಕೊಂಡಿತು. ಆನೆ ಮೆಲ್ಲಗೆ ಮಂಡಿಯೂರಿ ಕೂತಿತು. "ತಾಯೀ, ನೂರು ವರ್ಷದ ಉರಿ ಇಳಿಯಿತು. ಇನ್ನು ನಾನು ನಿನ್ನ ಕಡೆಯವನು" ಎಂದು ಅವಳ ಹಿಂದೆ ನಡೆಯಿತು.

ನಡುಬೆಟ್ಟದಲ್ಲಿ ತೊರೆಯ ಪಕ್ಕ ಕಾಡುಹಂದಿಯೊಂದು ಕೋರೆ ಮಸೆಯುತ್ತಿತ್ತು. ಅದರ ಮೈಯೆಲ್ಲ ಜಿಡ್ಡು, ಜಿಡ್ಡಿನ ತುಂಬ ಕೀವು ಕಟ್ಟಿದ ಮೊಡವೆಗಳು.

"ಆನೆಗೆ ಹಚ್ಚಿದ ಎಣ್ಣೆಯನ್ನೇ ನನಗೂ ಸುರಿ! ಇಲ್ಲದಿದ್ದರೆ ಸೀಳುತ್ತೇನೆ!"

ಮಾಳವ್ವ ಬುಟ್ಟಿಯನ್ನು ಕೆಳಗಿಟ್ಟಳು. ಆದರೆ ಎಣ್ಣೆಯ ಕುಡಿಕೆ ಮುಟ್ಟಲಿಲ್ಲ. "ಸೀಳಿದರೂ ಸರಿ, ಸುರಿಯುವುದಿಲ್ಲ. ನಿನ್ನ ಮೈಯೇ ಎಣ್ಣೆ ಒಸರುತ್ತಿದೆ. ಮೇಲೆ ಮತ್ತೆ ಸುರಿದರೆ ಮೊಡವೆ ಇನ್ನೂ ಬಲಿಯುತ್ತದೆ" ಎಂದಳು. ಬೇವಿನ ಸೊಪ್ಪನ್ನು ಕಲ್ಲಿನ ಮೇಲೆ ಅರೆದು, ಕಡಲೆಹಿಟ್ಟಿನಲ್ಲಿ ಕಲಸಿ ಮೆತ್ತಿದಳು. ಒಣಗುವ ಮೊದಲೇ ತೊರೆಗೆ ಇಳಿಸಿ ತೊಳೆದಳು. ಮೊಡವೆಗಳು ಕೆಸರಿನಂತೆ ಕೊಚ್ಚಿಹೋದವು. "ಕೇಳಿದ್ದನ್ನು ಕೊಡದೆ ಬೇಕಾದದ್ದನ್ನು ಕೊಟ್ಟೆಯಲ್ಲ ತಾಯೀ!" ಎಂದು ಹಂದಿಯೂ ಅವಳ ಹಿಂದೆ ಬಂತು.

ಬೆಟ್ಟದ ತುದಿಯಲ್ಲಿ ಬೆಂಕಿಯ ಕೊಂಬಿನ ಜಿಂಕೆ ಇತ್ತು. ಗಾಳಿ ಸೋಕಿದರೂ ಅದರ ಮೈ ಕೆಂಪಗೆ ದದ್ದು ಏಳುತ್ತಿತ್ತು. ಮಾಳವ್ವ ಆಗಷ್ಟೇ ಗೆದ್ದು ಬಂದ ಉತ್ಸಾಹದಲ್ಲಿ, ಅರೆದು ಉಳಿದಿದ್ದ ಬೇವನ್ನೇ ಬೆರಳಿಗೆ ತೆಗೆದುಕೊಂಡಳು. ಕಿವಿಯ ಹಿಂದೆ ಒಂದು ಚುಕ್ಕೆ ಇಟ್ಟಳೋ ಇಲ್ಲವೋ, ಜಿಂಕೆ ಚೀರಿತು. ಕೊಂಬಿನ ಜ್ವಾಲೆ ಅವಳ ಸೆರಗನ್ನು ಸುಟ್ಟಿತು.

"ತಪ್ಪಾಯಿತು ಕಂದಾ, ಅವಸರ ಮಾಡಿದೆ" ಎಂದು ಅವಳು ಆ ಜಾಗವನ್ನು ತಣ್ಣೀರಿನಲ್ಲಿ ತೊಳೆದಳು. ಆಮೇಲೆ ಲೋಳೆಸರ ಸೀಳಿ, ಹಳದಿ ರಸ ಇಳಿಯಲು ಬಿಟ್ಟು, ಒಳಗಿನ ತಿಳಿ ತಿರುಳನ್ನು ಮಾತ್ರ ತೆಗೆದಳು. ಅದಕ್ಕೆ ಒಂದು ಹನಿ ತೆಂಗಿನೆಣ್ಣೆ ಬೆರೆಸಿ, ಇನ್ನೊಂದು ಕಿವಿಯ ಹಿಂದೆ ಸಾಸಿವೆಯಷ್ಟು ಹಚ್ಚಿ ಕೂತಳು. ಬಿಸಿಲು ನೆತ್ತಿಗೇರಿ ಇಳಿಯುವವರೆಗೂ ಕಾದಳು. ಕೆಂಪಾಗಲಿಲ್ಲ. ಆಗ ಮೈಯೆಲ್ಲ ಸವರಿದಳು. ಕೊಂಬಿನ ಬೆಂಕಿ ಆರಿತು. ಜಿಂಕೆ ಅವಳ ಅಂಗೈಯನ್ನು ನೆಕ್ಕಿತು.

ಜ್ವಾಲಕೇತು ಗವಿಯಿಂದ ಹೊರಗೆ ಹಾರಿಬಂದ. "ಏನು ನೋಡುತ್ತಿದ್ದೀರಿ? ಕೊಲ್ಲಿ ಅವಳನ್ನು!"

ಮೂರರಲ್ಲಿ ಒಂದೂ ಕದಲಲಿಲ್ಲ. "ನಮ್ಮ ಮೈಗೆ ಉರಿ ಇಟ್ಟು ನೀನು ಕಾವಲಿಗೆ ಕಟ್ಟಿದೆ. ಈ ತಾಯಿ ನಮ್ಮನ್ನು ಬಿಡಿಸಿದಳು" ಎಂದಿತು ಜಿಂಕೆ. ಹಂದಿ ಮಾಂತ್ರಿಕನ ಕಾಲಿಗೆ ಗುದ್ದಿ ಬೀಳಿಸಿತು. ಆನೆ ಗವಿಯ ಬಾಯಲ್ಲಿದ್ದ ಕೊಪ್ಪರಿಗೆಯನ್ನು ಸೊಂಡಿಲಿನಿಂದ ಬೋರಲು ಹಾಕಿತು. ಕದ್ದ ಆಯುಷ್ಯವೆಲ್ಲ ಒಡೆಯರತ್ತ ಹಾರಿಹೋಯಿತು. ಜ್ವಾಲಕೇತುವಿನಲ್ಲಿ ಉಳಿದದ್ದು ಒಂದು ಹಿಡಿ ಬೂದಿ. ಅದನ್ನು ಗಾಳಿ ಒಯ್ದಿತು.

ಊರಿನಲ್ಲಿ ತೊಗಟೆ ಸಿಪ್ಪೆ ಸಿಪ್ಪೆಯಾಗಿ ಉದುರಿತು. ಮಾಳವ್ವ ಒಂದು ತಿಂಗಳು ಅರಮನೆಯ ಅಂಗಳದಲ್ಲಿ ಕೂತು ಒಬ್ಬೊಬ್ಬರ ಮೈ ಮುಟ್ಟಿ ನೋಡಿ, ಅವರವರ ಎಣ್ಣೆ, ಅವರವರ ಸೊಪ್ಪು ಕೊಟ್ಟಳು. ರಾಜ ಕೈಮುಗಿದು, "ಅರ್ಧ ರಾಜ್ಯ ತೆಗೆದುಕೊಳ್ಳವ್ವ" ಎಂದ.

"ರಾಜ್ಯ ನಾನೇನು ಮಾಡಲಿ ಸ್ವಾಮೀ? ಬೀದಿ ಬೀದಿಗೆ ಬೇವು ನೆಡಿಸಿ. ನನ್ನನ್ನು ಮನೆಗೆ ಕಳಿಸಿ. ಅತ್ತೆಗೆ ಎಣ್ಣೆ ಹಚ್ಚಿ ನೀರು ಎರೆಯಬೇಕು."

ಮನೆಯ ಬಚ್ಚಲಲ್ಲಿ ಅವಳು ಸಾತಮ್ಮನ ಕೈಗಳಿಗೆ ಎಣ್ಣೆ ಹಚ್ಚಿ ಬಿಸಿನೀರು ಹೊಯ್ದಳು. ಎಳೆ ಮಗುವಿನಂಥ ಹೊಸ ಚರ್ಮ. ಸಾತಮ್ಮ ಆ ಕೈಗಳಿಂದ ಸೊಸೆಯ ಮುಖ ಸವರಿ, "ನಾನು ಉಳಿದದ್ದು ನಿನ್ನಿಂದ ಮಗಳೇ" ಎಂದಳು.

"ನಿಮ್ಮ ಮಗ ಹೋದ ದಿನ ನೀವು ನನ್ನ ಕೈ ಹಿಡಿದಿರಿ ಅತ್ತೆ. ನಾನು ಉಳಿದದ್ದು ಆವತ್ತು" ಎಂದಳು ಮಾಳವ್ವ. ಇಬ್ಬರೂ ಅತ್ತರು, ಆಮೇಲೆ ನಕ್ಕರು.

ಕಾಡಿನ ಮೃಗಗಳು ಕಾಡಿನಲ್ಲಿ, ಊರಿನ ಜನ ಊರಿನಲ್ಲಿ, ಅತ್ತೆ ಸೊಸೆ ಗಾಣದ ಮನೆಯಲ್ಲಿ, ಎಲ್ಲರೂ ತಣ್ಣಗೆ ಬಾಳಿದರು.