ಉಗಿಪುರದ ತೊಟ್ಟಿಗೆ ಮೂರು ಮದ್ದು

ಬೆಂಕಿಹಲ್ಲಿಗಳು ಇನ್ನೂ ಅರಮನೆಗಳಲ್ಲಿ ಕೆಲಸಕ್ಕಿದ್ದ ಕಾಲದಲ್ಲಿ ಉಗಿಪುರ ಅಂತ ಒಂದು ರಾಜ್ಯವಿತ್ತು. ಅಲ್ಲಿಯ ಅರಸ ಸೋಮಧ್ವಜ. ಅವನ ಅರಮನೆಯಲ್ಲಿ ಇಪ್ಪತ್ತು ಜನ ಕೂರುವಂಥ ಕಲ್ಲಿನ ಬಿಸಿನೀರ ತೊಟ್ಟಿ. ಅದರ ತಳದಡಿ ಒಂದು ಬೆಂಕಿಹಲ್ಲಿ ಮಲಗಿತ್ತು. ಅದು ಉಸಿರು ಬಿಟ್ಟರೆ ನೀರು ಬುಳುಬುಳು ಅನ್ನುತ್ತಿತ್ತು. ಆ ತೊಟ್ಟಿಯನ್ನು ನೋಡಿಕೊಳ್ಳುವವಳು ಮಾಳವ್ವ. ನೋಡಿಕೊಂಡು ನೋಡಿಕೊಂಡು ಅವಳಿಗೆ ಸಾಕುಸಾಕಾಗಿತ್ತು.

ಯಾಕೆ ಅಂತೀರಾ? ಅರಸನ ಒಬ್ಬಳೇ ಮಗಳು ಹಂಸಾವಳಿ. ಒಂದು ತಿಂಗಳ ಹಿಂದೆ ಧೂಮಾಕ್ಷನೆಂಬ ಮಾಂತ್ರಿಕ ಅವಳಿಗೆ ಶಾಪ ಹಾಕಿ ಮಾಯವಾಗಿದ್ದ. ಅವಳ ಮೈ ಕಾಲ್ಬೆರಳಿನಿಂದ ಮೇಲಕ್ಕೆ ಕಲ್ಲಾಗುತ್ತಾ ಬರುತ್ತಿತ್ತು. ದಿನವೂ ತಿಳಿಯಾದ ಬಿಸಿನೀರಿನಲ್ಲಿ ಕೂತರೆ ಕಲ್ಲು ಇದ್ದಲ್ಲೇ ನಿಲ್ಲುತ್ತಿತ್ತು. ನೀರು ಕೆಟ್ಟರೆ ಮೇಲಕ್ಕೇರುತ್ತಿತ್ತು. ಎದೆ ಮುಟ್ಟಿದರೆ ಮುಗಿಯಿತು. ತಾಯಿಯಿಲ್ಲದ ಆ ಹುಡುಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳು ಮಾಳವ್ವನೇ. ಈಗ ತೊಟ್ಟಿಯಲ್ಲಿ ಒಂದು ಪಾಚಿಭೂತ ಸೇರಿಕೊಂಡಿತ್ತು. ಹಸಿರು ಮೈ, ಲೋಳೆ ಕೈ, ದಿನಕ್ಕೊಂದು ಸುತ್ತು ದಪ್ಪ.

"ಮಹಾಪ್ರಭು," ಅಂದಳು ಮಾಳವ್ವ, "ನೀವೂ ನಿಮ್ಮ ಹದಿನೆಂಟು ಮಂತ್ರಿಗಳೂ ಮೈತುಂಬ ಎಳ್ಳೆಣ್ಣೆ ಹಚ್ಚಿಕೊಂಡು ಹಾಗೇ ದಬದಬ ಇಳೀತೀರಿ. ಮೊದಲು ಹೊರಗೆ ಸೀಗೆಪುಡಿ ಹಾಕಿ ತೊಳ್ಕೊಳ್ಳಿ. ಆಮೇಲೆ ಈ ನೀರನ್ನ ಒಂದು ಸಲ ಖಾಲಿ ಮಾಡೋಣ."

ಅರಸ ಕಿವಿ ಮುಚ್ಚಿಕೊಂಡ. "ಶಿವಶಿವಾ! ಅರಸನ ಮೈಯೆಣ್ಣೆ ಹೊರಗೆ ಚೆಲ್ಲಿದರೆ ರಾಜ್ಯಲಕ್ಷ್ಮಿ ಹೊರಟುಹೋಗ್ತಾಳೆ. ಇದು ನಮ್ಮಜ್ಜನ ಪಟ್ಟಾಭಿಷೇಕದ ನೀರು. ತೂಬು ಕಿತ್ತವರ ತಲೆ ಉಳಿಯಲ್ಲ. ಮದ್ದು ತರಿಸು, ಮದ್ದು!"

ಅಜ್ಜನ ಕಾಲದ ನೀರಂತೆ! ಮೂರು ತಲೆಮಾರಿನ ಬೆವರು, ಎಣ್ಣೆ, ಮೀಸೆಗೂದಲು ಎಲ್ಲ ಅದರಲ್ಲೇ. ಮಾಳವ್ವ ಹಲ್ಲು ಕಚ್ಚಿಕೊಂಡು ಡಂಗುರ ಹೊಡೆಸಿದಳು.

ಮೊದಲ ದಿನ ಪಡುವಣದಿಂದ ಒಬ್ಬ ಬಂದ. ಅವನ ಚೀಲದಲ್ಲಿ ಬಿಳೀ ಪುಡಿ. "ಇದು ಉರಿಬೂದಿ. ಕಣ್ಣು ಮಿಟುಕಿಸೋದರಲ್ಲಿ ಭೂತ ಸಾಯುತ್ತೆ," ಅಂದ. ಒಂದು ಹಿಡಿ ಹಾಕಿದರು. ಭೂತ ಚುಯ್ ಎಂದು ಕರಗಿತು. ಆದರೆ ಉಗಿಯ ಘಾಟಿಗೆ ಮಂತ್ರಿಗಳೆಲ್ಲ ಕೆಮ್ಮಿದರು, ಅರಸನ ಕರೀಮೀಸೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿತು, ಹಂಸಾವಳಿಯ ಕಣ್ಣು ಕೆಂಡವಾಯಿತು. ನೀರಿನ ಕಾವಿಗೆ ಪುಡಿಯ ಕಸುವೆಲ್ಲ ಆವಿಯಾಗಿ ಹೋಯಿತು. ಸಂಜೆಗೆ ಭೂತ ಮತ್ತೆ ಹಾಜರು. ಕಲ್ಲು ಮೊಣಕಾಲಿಗೆ ಬಂತು.

"ಎಣ್ಣೆ ತೊಳ್ಕೊಂಡು ಇಳೀರಿ," ಅಂದಳು ಮಾಳವ್ವ.

"ಬೇರೆ ಮದ್ದು ತರಿಸು," ಅಂದ ಅರಸ.

ಎರಡನೇ ದಿನ ತೆಂಕಣದಿಂದ ಒಬ್ಬಳು ಬಂದಳು. ಅವಳ ಬುಟ್ಟಿಯಲ್ಲಿ ಕೆಂಪು ಹರಳು. "ಕಾವಿಗೆ ಹೆದರಲ್ಲ, ಕಣ್ಣು ಉರಿಸಲ್ಲ. ಆದರೆ ಅವಸರ ಮಾಡಬೇಡಿ, ಮೆಲ್ಲಗೆ ಕರಗಿ ಮೆಲ್ಲಗೆ ಕೆಲಸ ಮಾಡುತ್ತೆ," ಅಂದಳು. ಮಾಳವ್ವನಿಗೆ ಆ ಮಾತು ಹಿಡಿಸಿತು. ನಾಲ್ಕು ಹರಳು ಹಾಕಿದರು. ಭೂತಕ್ಕೆ ಜ್ವರ ಬಂತು, ಮೂಲೆ ಹಿಡಿದು ನರಳಿತು. ಅಷ್ಟರಲ್ಲಿ ಮಂತ್ರಿಗಳು ಎಣ್ಣೆ ಸುರಿಸುತ್ತಾ ಇಳಿದರು. ಹರಳೆಲ್ಲ ಎಣ್ಣೆಯ ಮೇಲೇ ಖರ್ಚಾಯಿತು. ಭೂತ ಎದ್ದು ಮೈಮುರಿಯಿತು. ಕಲ್ಲು ತೊಡೆಗೆ ಬಂತು.

"ಅಯ್ಯೋ ನನ್ನ ಕರ್ಮವೇ, ಎಣ್ಣೆ ತೊಳ್ಕೊಂಡು ಇಳೀರಿ ಅಂದೆನಲ್ಲ!"

"ಬೇರೆ ಮದ್ದು ತರಿಸು."

ಮೂರನೇ ದಿನ ಬಡಗಣದ ಮುದುಕನೊಬ್ಬ ಮಾತಾಡುವ ಬೆಳ್ಳಿಮೀನು ತಂದ. ಮೀನು ನೀರಿಗೆ ಬಿದ್ದದ್ದೇ ಗಬಗಬ ಕೊಳೆ ನುಂಗಿತು. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಗುಡಾಣವಾಗಿ ಮೆಟ್ಟಿಲ ಮೇಲೆ ಬಂದು ಅಂಗಾತ ಬಿತ್ತು.

"ನನ್ನ ಹೊಟ್ಟೆ ಇರೋದೇ ಇಷ್ಟು," ಎಂದು ಅತ್ತಿತು ಮೀನು. "ಬೇರೆ ಮದ್ದಿನ ಜೊತೆ ಸೇರಿ ದುಡಿ ಅಂದರೆ ದುಡೀತೀನಿ. ಹದಿನೆಂಟು ಮಂತ್ರಿಗಳ ಎಣ್ಣೆ ನಾನೊಬ್ಬಳೇ ನುಂಗೋಕಾಗುತ್ತಾ?"

ಕಲ್ಲು ಸೊಂಟಕ್ಕೆ ಬಂತು. ಹಂಸಾವಳಿ ತೊಟ್ಟಿಯ ಅಂಚಿನಲ್ಲಿ ಅಲುಗಾಡಲಾರದೆ ಕೂತಿದ್ದಳು. "ಮಾಳವ್ವಾ, ನನಗೆ ಹೆದರಿಕೆಯಾಗ್ತಿದೆ," ಅಂದಳು.

ಅರಸ ಕಣ್ಣೊರೆಸಿಕೊಂಡ. ಪಾಪ, ಮಗಳ ಮೇಲೆ ಜೀವವೇ ಇಟ್ಟಿದ್ದ. ಒರೆಸಿಕೊಂಡು ಏನಂದ ಗೊತ್ತೇ? "ನಾಲ್ಕನೇ ಮದ್ದು ತರಿಸು!"

ಮಾಳವ್ವನ ತಾಳ್ಮೆಯ ಕಟ್ಟೆ ಅಲ್ಲಿಗೆ ಒಡೆಯಿತು. "ಮದ್ದಂತೆ ಮದ್ದು! ಮೂರೂ ಮದ್ದು ಚೆನ್ನಾಗೇ ಇವೆ. ಕೆಟ್ಟಿರೋದು ನಿಮ್ಮ ಹಟ. ತಲೆ ತಾನೆ ಹೋಗೋದು? ಹೋಗಲಿ ಬಿಡಿ. ನನ್ನ ಮಗು ಕಲ್ಲಾಗೋದು ನೋಡೋಕೆ ಈ ತಲೆ ಇದ್ದರೆಷ್ಟು, ಬಿಟ್ಟರೆಷ್ಟು!" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ತೊಟ್ಟಿಗಿಳಿದಳು. "ಒಂದಿಷ್ಟು ಹೊತ್ತು ಉಸಿರು ಹಿಡಿದುಕೊಳ್ಳಪ್ಪ," ಎಂದು ತಳದ ಬೆಂಕಿಹಲ್ಲಿಗೆ ಹೇಳಿದಳು. ಎರಡೂ ಕೈಯಲ್ಲಿ ತೂಬು ಹಿಡಿದು ಕಿತ್ತೇಬಿಟ್ಟಳು.

ಅಜ್ಜನ ನೀರು ಗೊಳಗೊಳ ಹೊರಟಿತು. ಪಾಚಿಭೂತ ಅವಳ ಕಾಲಿಗೆ ಸುತ್ತಿಕೊಂಡು ಅರಚಿತು: "ನಿಲ್ಲಿಸೇ! ಇಂಥ ಮನೆ ನನಗೆ ಇನ್ನೆಲ್ಲಿ ಸಿಗುತ್ತೆ?"

ಅರಸ ಬೆಚ್ಚಿದ. ಆ ದನಿ ಅವನಿಗೆ ಗೊತ್ತಿತ್ತು. "ಧೂಮಾಕ್ಷ! ನೀನಾ?"

"ಹೌದು ಮಹಾರಾಜ," ಅಂತು ಭೂತ. "ನಿನ್ನ ಮಗಳಿಗೆ ಶಾಪ ಹಾಕಿದವನೂ ನಾನೇ, ನೀನು ದಿನಾ ಎಣ್ಣೆ ಉಣಿಸಿ ಸಾಕಿದವನೂ ನಾನೇ!"

ಅರಸ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಆಮೇಲೆ ಕಿರೀಟ ಬಿಚ್ಚಿಟ್ಟು, ತಾನೂ ಕೆಳಗಿಳಿದು, ಮಾಳವ್ವನ ಕಾಲಿಗೆ ಸುತ್ತಿದ್ದ ಲೋಳೆಯನ್ನು ಬರಿಗೈಯಲ್ಲಿ ಕಿತ್ತು ತೂಬಿಗೆ ತುರುಕಿದ. ಮಾಂತ್ರಿಕ ಕೊಚ್ಚೆಯ ಜೊತೆ ಕೊಚ್ಚಿಹೋಗಿ ಊರಾಚೆಯ ಮರಳಿನಲ್ಲಿ ಇಂಗಿಹೋದ.

ಇಬ್ಬರೂ ಸೇರಿ ತೊಟ್ಟಿ ಉಜ್ಜಿದರು. ಹೊಸ ನೀರು ತುಂಬಿಸಿದರು. ಬೆಂಕಿಹಲ್ಲಿ ಉಸಿರು ಬಿಟ್ಟಿತು. "ಮಾಳವ್ವ, ಯಾವ ಮದ್ದು?" ಎಂದು ಅರಸ ಮೆಲ್ಲಗೆ ಕೇಳಿದ. ಆಜ್ಞೆ ಮಾಡದೆ ಕೇಳಿದ್ದು ಅದೇ ಮೊದಲು.

"ನಮ್ಮದು ಬಿಸಿನೀರು, ಮಗುವಿನ ಕಣ್ಣು ನಾಜೂಕು. ದಿನಾ ಕೆಂಪು ಹರಳು. ಬೆಳ್ಳಿಮೀನು ಜೊತೆಗಿರಲಿ. ಹಬ್ಬದಲ್ಲಿ ಜನ ಹೆಚ್ಚಾದರೆ ತೊಟ್ಟಿ ಖಾಲಿಯಿದ್ದಾಗ ಒಂದು ಚಿಟಿಕೆ ಉರಿಬೂದಿ, ಘಾಟು ಹೋದಮೇಲೇ ಇಳಿಯೋದು. ಮೂರು ತಿಂಗಳಿಗೊಮ್ಮೆ ತೂಬು ಕೀಳೋದು. ಇಷ್ಟೇ."

ಹಂಸಾವಳಿಯನ್ನು ಇಬ್ಬರೂ ಎತ್ತಿ ಆ ನೀರಿಗೆ ಇಳಿಸಿದರು. ಶಾಪ ಹಾಕಿದವನೇ ಇಲ್ಲವಾದ್ದರಿಂದ ಈಗ ಕಲ್ಲು ಸೊಂಟ ಬಿಟ್ಟಿತು, ಮೊಣಕಾಲು ಬಿಟ್ಟಿತು, ಕೊನೆಗೆ ಕಿರುಬೆರಳು ಅಲ್ಲಾಡಿತು. ಮಾಳವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಜೋರಾಗಿ ಅತ್ತಳು.

ರಾಜ್ಯಲಕ್ಷ್ಮಿ ಎಲ್ಲೂ ಹೋಗಲಿಲ್ಲ. ಉಗಿಪುರದಲ್ಲಿ ಎಲ್ಲರೂ ಸುಖವಾಗಿದ್ದರು. ಮುಂದಿನ ಎಣ್ಣೆಸ್ನಾನದ ದಿನ ಅರಸ ಮೈತುಂಬ ಎಣ್ಣೆ ಹಚ್ಚಿಕೊಂಡು ಬಂದ. ಬಾಗಿಲಲ್ಲಿ ಸೀಗೆಪುಡಿಯ ಬಟ್ಟಲು ಹಿಡಿದು, ತನ್ನೆರಡೂ ಕಾಲ ಮೇಲೆ, ಮಗಳು ನಿಂತಿದ್ದಳು. ಅರಸ ತಲೆತಗ್ಗಿಸಿ ತೊಳೆದುಕೊಂಡು ಮೆಟ್ಟಿಲಿಗೆ ಕಾಲಿಡಬೇಕು, ಅಷ್ಟರಲ್ಲಿ ಅವಳು ಅಡ್ಡ ಬಂದಳು.

"ಅಪ್ಪಾ, ಕಿವಿ ಹಿಂದೆ ಇನ್ನೂ ಎಣ್ಣೆ ಇದೆ."